ಪಿಯಾನೋ ಬಿಟ್ಟುಕೊಟ್ಟ ಸ್ವರಗಳು: ಒಂದು ಜುಗಲ್‌ಬಂದಿ ತಂಡದ ಪ್ರಕರಣ ಅಧ್ಯಯನ

ಬೇರೆ ಬೇರೆ ಸಂಗೀತದವರನ್ನು ಒಂದೇ ವೇದಿಕೆಗೆ ತರುವ ಕಾರ್ಯಕ್ರಮಗಳು ಈಗ ಜಾಸ್ತಿ. ಪೋಸ್ಟರ್‌ನಲ್ಲಿ 'ಸಂಗಮ' ಅಂತಲೋ 'ಸೇತುವೆ' ಅಂತಲೋ ಬರೆದಿರುತ್ತಾರೆ. ತಾಲೀಮಿನ ಕೋಣೆಯಲ್ಲಿ ಏನು ನಡೆಯಿತು, ಯಾರು ಎಲ್ಲಿ ಪಟ್ಟು ಹಿಡಿದರು, ಯಾರು ಎಲ್ಲಿ ಸಡಿಲಿಸಿದರು ಎನ್ನುವುದು ಮಾತ್ರ ಹೊರಗೆ ಬರುವುದೇ ಇಲ್ಲ. ಅಂಥ ಒಂದು ತಂಡಕ್ಕೆ ನಾನು ಸಂಯೋಜಕನಾಗಿದ್ದೆ. ಆಗ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಗುರುತು ಸಿಗಬಾರದೆಂದು ಹೆಸರು, ಊರು, ಸಭಾಂಗಣ ಯಾವುದನ್ನೂ ಹೇಳಿಲ್ಲ. ಕೆಲವು ವಿವರ ಬದಲಿಸಿದ್ದೇನೆ. ಸ್ವರ, ತಾಳದ ವಿಚಾರ ಮಾತ್ರ ಇದ್ದ ಹಾಗೇ ಇದೆ. ಕಥೆ ಇರುವುದೇ ಅಲ್ಲಿ.

ಹಿನ್ನೆಲೆ

ತಂಡದಲ್ಲಿ ನಾಲ್ವರು. ಕರ್ನಾಟಕ ಸಂಗೀತದ ಒಬ್ಬ ಗಾಯಕಿ. ಅವರಿಗೆ ಬಹಳ ವರ್ಷಗಳಿಂದ ಪಕ್ಕವಾದ್ಯ ನುಡಿಸುತ್ತಿದ್ದ ಮೃದಂಗ ವಿದ್ವಾಂಸರು. ಅರಬ್ ಸಂಗೀತದ ಒಬ್ಬ ಹಿರಿಯ ಔದ್ ವಾದಕರು. ಜಾಝ್ ಹಿನ್ನೆಲೆಯ ಒಬ್ಬ ಪಿಯಾನೋ ವಾದಕರು. ಔದ್ ಎಂದರೆ ಹೊಟ್ಟೆ ಉಬ್ಬಿದ, ಗಿಡ್ಡ ಕತ್ತಿನ ತಂತಿವಾದ್ಯ. ವೀಣೆಗಿರುವಂತೆ ಅದಕ್ಕೆ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿ ಊರುತ್ತದೋ ಅಲ್ಲೇ ಸ್ವರ.

ಒಂದು ಸಾಂಸ್ಕೃತಿಕ ಸಂಸ್ಥೆ ಇವರಿಗೆ ಸುಮಾರು ಒಂದು ಗಂಟೆಯ ಕಛೇರಿ ಒಪ್ಪಿಸಿತ್ತು. ಆಮೇಲೆ ಧ್ವನಿಮುದ್ರಣವೂ ಆಗಬೇಕಿತ್ತು. ಷರತ್ತು ಒಂದೇ: ಸರದಿಯಲ್ಲಿ ಒಬ್ಬೊಬ್ಬರು ತಮ್ಮ ತಮ್ಮದನ್ನು ನುಡಿಸಿ ಇಳಿದು ಹೋಗಬಾರದು, ಕೂಡಿ ಹೊಸದೊಂದನ್ನು ಕಟ್ಟಬೇಕು.

ಈ ಥರದ ಭೇಟಿ ಹೊಸದೇನಲ್ಲ. 1800ರ ಆಸುಪಾಸಿನಲ್ಲಿ ಬಾಲುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಪಿಟೀಲನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರಗಳನ್ನು ರಚಿಸಿದರು. ನಮ್ಮ ಕಾಲಕ್ಕೆ ಬಂದರೆ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ, ಅದರಲ್ಲಿ ಗಮಕ (ಸ್ವರವನ್ನು ತೂಗಿಸುವುದು, ಜಾರಿಸುವುದು) ಬರಿಸಲು ವಾದ್ಯವನ್ನೇ ತಿದ್ದಿಕೊಂಡರು. ಶಾಸ್ತ್ರೀಯ ಸಂಗೀತದಲ್ಲಿ ಹೊರಗಿನಿಂದ ಬಂದು ನೆಲೆ ನಿಂತ ವಾದ್ಯಗಳನ್ನು ಗಮನಿಸಿ: ಒಂದೋ ಅವು ಬಗ್ಗುವಂಥವು, ಇಲ್ಲವೇ ಯಾರೋ ಕೂತು ಬಗ್ಗಿಸಿದವು. ಬಗ್ಗದ ಹಾರ್ಮೋನಿಯಂ ಏನಾಯಿತು? ಗಮಕ ಬರುವುದಿಲ್ಲ ಎಂಬ ದೂರು ಮೊದಲಿನಿಂದಲೂ ಇತ್ತು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬರಲು 1971ರವರೆಗೆ ಕಾಯಬೇಕಾಯಿತು.

ನಮ್ಮ ತಂಡದಲ್ಲಿ ಬಗ್ಗದ ವಾದ್ಯ ಪಿಯಾನೋ. ವೇದಿಕೆಯ ನಡುವೆ ನಿಲ್ಲುವುದೂ ಅದೇ.

ಸಮಸ್ಯೆ

ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ: ಮೂವರಿಗೂ ಹೊಂದುವ ಸ್ವರಶ್ರೇಣಿ ಹುಡುಕೋಣ. ಗಾಯಕಿಯ ಶ್ರುತಿ ಪಿಯಾನೋದ ಜಿ ಸ್ವರಕ್ಕೆ ಕೂರುತ್ತಿತ್ತು. ಔದಿನಲ್ಲೂ ಜಿ ತಂತಿ ಇದೆ. ಔದ್ ವಾದಕರು ಬಯಾತಿ ಎಂಬ ಮಕಾಮ್ ಸೂಚಿಸಿದರು. ಮಕಾಮ್ ಎಂದರೆ ಅರಬ್ ಸಂಗೀತದ ರಾಗ ಎಂದುಕೊಳ್ಳಬಹುದು. ಪೂರ್ತಿ ಸರಿಯಲ್ಲ, ಸದ್ಯಕ್ಕೆ ಸಾಕು. ಬಯಾತಿಯ ಸ್ವರಗಳನ್ನು ಕೇಳಿದ ಗಾಯಕಿ 'ಇದು ನಮ್ಮ ತೋಡಿ ರಾಗಕ್ಕೆ ಹತ್ತಿರ' ಎಂದರು. ಪಿಯಾನೋ ವಾದಕರು ಎರಡನ್ನೂ ಕೇಳಿ ಏಳು ಮನೆಗಳನ್ನು, ಅಂದರೆ ಒತ್ತುವ ಕೀಲಿಗಳನ್ನು, ಗುರುತು ಹಾಕಿಕೊಂಡರು. ಅರ್ಧ ಗಂಟೆಯೊಳಗೆ ಎಲ್ಲರೂ ಒಪ್ಪಿದ್ದಾಯಿತು. ಅಷ್ಟು ಬೇಗ ಒಪ್ಪಿಗೆ ಆದದ್ದೇ ಅನುಮಾನದ ಸಂಗತಿ, ಅಲ್ವಾ?

ಒಂದು ಸ್ಥಾಯಿಯನ್ನು, ಅಂದರೆ ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗಿನ ಅಂತರವನ್ನು, 1200 ಸೆಂಟ್ ಎಂದು ಲೆಕ್ಕ ಹಿಡಿಯುತ್ತಾರೆ. ಪಿಯಾನೋದಲ್ಲಿ ಪಕ್ಕಪಕ್ಕದ ಮನೆಗಳ ನಡುವೆ ಸರಿಯಾಗಿ 100 ಸೆಂಟ್. ತೋಡಿಯ ಶುದ್ಧ ರಿಷಭ (ರಿ) ಷಡ್ಜದಿಂದ (ಸ) ಹತ್ತಿರ ಹತ್ತಿರ 100 ಸೆಂಟ್ ಮೇಲಿದೆ. ನಠಭೈರವಿ ಎಂಬ ಇನ್ನೊಂದು ರಾಗದ ಚತುಶ್ರುತಿ ರಿಷಭ 200ರ ಹತ್ತಿರ. ಬಯಾತಿಯ ಎರಡನೇ ಸ್ವರ ಇವೆರಡರ ನಡುವೆ, ಸುಮಾರು 150ರ ಆಸುಪಾಸಿನಲ್ಲಿ ಕೂರುತ್ತದೆ. ಉಳಿದ ಸ್ವರಗಳೆಲ್ಲ ಮೂರಕ್ಕೂ ಒಂದೇ ಮನೆಗಳಲ್ಲಿ ಸಿಗುತ್ತವೆ. ವ್ಯತ್ಯಾಸ ಇರುವುದು ರಿಷಭ ಒಂದರಲ್ಲಿ. ಪಿಯಾನೋದಲ್ಲಿ ಆ ನಡುವಿನ ಜಾಗಕ್ಕೆ ಮನೆಯೇ ಇಲ್ಲ.

ಪಿಯಾನೋ 100ರ ಮನೆ ಒತ್ತಿತು. ಗಾಯಕಿಗೆ ಅದು ಸರಿ ಕೇಳಿಸಿತು. ಔದ್ ವಾದಕರು ಬೆರಳನ್ನು ಸ್ವಲ್ಪ ಹಿಂದೆ ಸರಿಸಿ ಹೊಂದಿಸಿಕೊಂಡರು. ಸುಮ್ನೆ ಸರಿಸಿಬಿಟ್ಟರು, ಏನೂ ಹೇಳಲಿಲ್ಲ.

ಇನ್ನೊಂದು ತೊಂದರೆ ಗಾಂಧಾರದಲ್ಲಿತ್ತು. ತೋಡಿಯ ಗಾಂಧಾರ ಒಂದೇ ಕಡೆ ನಿಲ್ಲುವುದಿಲ್ಲ, ತೂಗುತ್ತದೆ. ಆ ತೂಗಾಟ ತೆಗೆದರೆ ತೋಡಿ ಉಳಿಯುವುದಿಲ್ಲ. ಪಿಯಾನೋ ವಾದಕರ ಕಿವಿಗೆ ಅದು ಶ್ರುತಿ ತಪ್ಪಿದಂತೆ ಕೇಳಿಸಿತು. ಅವರು ಬಹಳ ಸಜ್ಜನರು. 'ನಿಮಗೆ ಅನುಕೂಲ ಆಗಲಿ' ಎಂದು ಗಾಯಕಿ ಗಾಂಧಾರಕ್ಕೆ ಬಂದಾಗಲೆಲ್ಲ ಆ ಮನೆಯನ್ನು ಗಟ್ಟಿಯಾಗಿ ಒತ್ತಿ ಆಧಾರ ಕೊಡತೊಡಗಿದರು. ಗಾಯಕಿ ನಿಧಾನವಾಗಿ ಗಮಕ ಕಡಿಮೆ ಮಾಡಿದರು. ಯಾರೂ ಯಾರ ಮೇಲೂ ಒತ್ತಡ ಹಾಕಲಿಲ್ಲ. ಆದರೂ ಕೆಲವೇ ತಾಲೀಮುಗಳಲ್ಲಿ ಗಾಯಕಿ, ಔದ್ ವಾದಕರು ಇಬ್ಬರೂ ಪಿಯಾನೋ ಇರುವ ಕಡೆಗೆ ಸರಿದಿದ್ದರು. ಪಿಯಾನೋ ಮಾತ್ರ ಒಂದಿಂಚೂ ಅಲುಗಿರಲಿಲ್ಲ.

ಒಂದು ಪುಟ್ಟ ಸಭೆಯ ಎದುರು ಇದನ್ನು ನುಡಿಸಿ ನೋಡಿದೆವು. ಚಪ್ಪಾಳೆ ಬಂತು. ಒಬ್ಬರು 'ಎಲ್ಲ ಒಂದೇ ಥರ ಕೇಳಿಸಿತು, ಎಷ್ಟು ಚೆನ್ನಾಗಿ ಬೆರೆತಿದೆ' ಎಂದು ಹೊಗಳಿದರು. ಔದ್ ವಾದಕರು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬಾಯಿ ಬಿಟ್ಟದ್ದು ಆಗಲೇ. "ನಾವು ಬಯಾತಿ ಎಂದು ಹೇಳಿಕೊಂಡು ನುಡಿಸಿದ್ದು ಬಯಾತಿ ಅಲ್ಲ. ಎರಡನೇ ಸ್ವರ ಅಲ್ಲಿಗೆ ಇಳಿದರೆ ಅದು ಕುರ್ದ್, ಬೇರೆಯೇ ಮಕಾಮ್. ನನ್ನ ಗುರುಗಳು ಇಲ್ಲಿ ಕೂತಿದ್ದರೆ ಎದ್ದು ಹೋಗುತ್ತಿದ್ದರು." ಗಾಯಕಿ ಹೇಳಿದ್ದು ಇನ್ನೂ ಕಡಿಮೆ: "ನನ್ನದೂ ತೋಡಿ ಆಗಿರಲಿಲ್ಲ."

ಈ ವಾದಕ್ಕೆ ಹಳೆಯ ಇತಿಹಾಸ ಇದೆ. 1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆಯಿತು. ಯುರೋಪಿನಿಂದ ಬಾರ್ಟೋಕ್, ಹಿಂಡೆಮಿತ್ ಥರದ ಸಂಗೀತ ರಚನಕಾರರೂ ಬಂದಿದ್ದರು. ಅರಬ್ ಸಂಗೀತಕ್ಕೆ ಪಿಯಾನೋ ಬೇಕೇ ಬೇಡವೇ ಎಂದು ಅಲ್ಲಿ ಜೋರು ಚರ್ಚೆ ಆಗಿತ್ತು. ಪಿಯಾನೋ ವಾದಕರಿಗೆ ಇದನ್ನು ಹೇಳಿದಾಗ ಅವರಿಗೆ ಒಂದು ಥರ ಸಮಾಧಾನ ಆಯಿತು. ತಮ್ಮ ಕೈಯ ಮೇಲೆ ದೂರು ಹೇಳುತ್ತಿಲ್ಲ, ವಾದ್ಯದ ಸ್ವಭಾವವೇ ಹಾಗಿದೆ ಎಂದು ಗೊತ್ತಾಯಿತಲ್ಲ.

ಏನೇನು ಮಾಡಿ ನೋಡಿದೆವು

ಪಿಯಾನೋದ ಒಂದು ತಂತಿಯನ್ನೇ ಬೇರೆ ಶ್ರುತಿಗೆ ಇಳಿಸೋಣ ಎಂಬ ಮಾತು ಬಂತು. ಸಭಾಂಗಣದವರು ಒಪ್ಪಲಿಲ್ಲ. ಅದೇ ವಾದ್ಯವನ್ನು ಬೇರೆಯವರೂ ನುಡಿಸಬೇಕಲ್ಲ. ಒಪ್ಪಿದ್ದರೂ ಕಛೇರಿಯ ನಡುವೆ ಮತ್ತೆ ಮೊದಲಿನ ಶ್ರುತಿಗೆ ತರುವುದು ಆಗದ ಮಾತು.

ಸ್ವರಗಳನ್ನು ಬೇಕಾದಂತೆ ಹೊಂದಿಸಬಹುದಾದ ಎಲೆಕ್ಟ್ರಾನಿಕ್ ಕೀಬೋರ್ಡ್ ತಂದೆವು. ಅರಬ್ ಸಂಗೀತದವರು ಇಂಥವನ್ನು ಬಳಸುತ್ತಾರೆ. ಎರಡನೇ ಸ್ವರವನ್ನು 150ಕ್ಕೆ ಇಟ್ಟೆವು. ಔದ್ ವಾದಕರು ಸ್ವಲ್ಪ ಹೊತ್ತು ನುಡಿಸಿ ನಕ್ಕರು. ಅವರ ಕೈಯಲ್ಲಿ ಆ ಸ್ವರ ಹತ್ತುವಾಗ ಒಂದು ಕಡೆ, ಇಳಿಯುವಾಗ ಅದಕ್ಕಿಂತ ಚೂರು ಕೆಳಗೆ. 150 ಎನ್ನುವುದು ಕಾಗದದ ಲೆಕ್ಕ ಅಷ್ಟೇ. ಪಿಯಾನೋ ವಾದಕರಿಗೂ ಆ ಮನೆಗಳ ಸ್ಪರ್ಶ ಹಿಡಿಸಲಿಲ್ಲ. ಗಾಂಧಾರದ ತೂಗಾಟಕ್ಕಂತೂ ಕೀಬೋರ್ಡಿನಿಂದ ಏನೂ ಉಪಕಾರ ಆಗಲಿಲ್ಲ.

ಸಂಸ್ಥೆಯ ಕಡೆಯಿಂದ ಒಂದು ಸಲಹೆ ಬಂತು: ಔದಿನ ಭಾಗ ಬೇರೆ, ಹಾಡಿನ ಭಾಗ ಬೇರೆ, ನಡುವೆ ಪಿಯಾನೋ ಕೊಂಡಿ ಹಾಕಲಿ. ಇದು ಸುಲಭ. ಹೆಚ್ಚಿನ ಕಾರ್ಯಕ್ರಮಗಳು ಇಲ್ಲಿಗೇ ಬಂದು ನಿಲ್ಲುತ್ತವೆ ಕೂಡ. ಗಾಯಕಿ ಖಡಾಖಂಡಿತವಾಗಿ ಬೇಡ ಎಂದರು. ಒಬ್ಬರಾದ ಮೇಲೆ ಒಬ್ಬರು ಹಾಡಿ ಹೋಗಲು ನಾಲ್ವರು ಇಷ್ಟು ದಿನ ಯಾಕೆ ಕೂತಿದ್ದೇವೆ ಎನ್ನುವುದು ಅವರ ಪ್ರಶ್ನೆ. ಅವರು ಅಂದು ಹಾಗೆ ಪಟ್ಟು ಹಿಡಿಯದಿದ್ದರೆ ಈ ಪ್ರಕರಣದಲ್ಲಿ ಬರೆಯಲು ಏನೂ ಇರುತ್ತಿರಲಿಲ್ಲ.

ಪಿಯಾನೋ ವಾದಕರು ಎಲ್ಲವನ್ನೂ ಸ್ವರಲಿಪಿಯಲ್ಲಿ ಬರೆದು ಕಳಿಸುತ್ತಿದ್ದರು. ಉಳಿದ ಮೂವರೂ ಅದನ್ನು ತೆರೆದೇ ನೋಡಿರಲಿಲ್ಲ. ಅವರು ಕಲಿತದ್ದು ಕಿವಿಯಿಂದ. ಹಾಗಾಗಿ ತಾಲೀಮಿನ ರೆಕಾರ್ಡಿಂಗ್‌ಗಳನ್ನೇ ಎಲ್ಲರಿಗೂ ಕಳಿಸುವುದು ಎಂದಾಯಿತು. ಸಣ್ಣ ಬದಲಾವಣೆ. ಅದರಿಂದ ಇನ್ನೊಂದು ಲಾಭವೂ ಆಯಿತು: ಪಿಯಾನೋ ವಾದಕರು ಕಾಗದ ಬಿಟ್ಟು ಕೇಳುವುದಕ್ಕೆ ಕೂತರು.

ತಿರುವು

ತಿರುವು ಬಂದದ್ದು ಆಕಸ್ಮಿಕವಾಗಿ. ಒಂದು ದಿನ ಪಿಯಾನೋ ಇರುವ ಕೋಣೆ ಸಿಗಲಿಲ್ಲ. ನಾಲ್ಕು ಕುರ್ಚಿ, ಒಂದು ಮೇಜು ಇರುವ ಕೋಣೆಯಲ್ಲಿ ಕೂರಬೇಕಾಯಿತು. ಪಿಯಾನೋ ವಾದಕರ ಕೈ ಖಾಲಿ.

ಸ್ವರದ ಜಗಳ ಅಂದು ಬೇಡ, ತಾಳ ನೋಡೋಣ ಎಂದರು ಮೃದಂಗದವರು. ಔದ್ ವಾದಕರು ಆರಿಸಿದ್ದ ರಚನೆ ಸಮಾಯಿ ಎಂಬ ಪ್ರಕಾರದ್ದು. ಅದರ ತಾಳ ಹತ್ತು ಅಕ್ಷರದ್ದು. ಅಲ್ಲಿಯವರೆಗೆ ಮೃದಂಗದವರು ಹತ್ತನ್ನು ಎರಡು ಖಂಡಛಾಪು ಎಂದು ಲೆಕ್ಕ ಹಾಕಿ ಐದು, ಐದು ಎಂದು ನುಡಿಸುತ್ತಿದ್ದರು. ಮೊತ್ತ ಸರಿ ಹೋಗುತ್ತಿತ್ತು. ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ, ಎಲ್ಲರೂ ಸರಿಯಾಗಿ ಬಂದು ಸೇರುತ್ತಿದ್ದರು. ಒಳಗೆ ಮಾತ್ರ ಪೆಟ್ಟುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಯಾಕೆಂದು ಯಾರಿಗೂ ಹೊಳೆದಿರಲಿಲ್ಲ.

ಔದ್ ವಾದಕರು ಮೇಜಿನ ಮೇಲೆ ಕೈ ಬಡಿದು ತೋರಿಸಿದರು. ಅಂಗೈಯಲ್ಲಿ 'ದುಂ', ಬೆರಳ ತುದಿಯಲ್ಲಿ 'ತಕ್'. ಒಂದಕ್ಕೆ ದುಂ, ನಾಲ್ಕಕ್ಕೆ ತಕ್, ಆರು ಮತ್ತು ಏಳಕ್ಕೆ ದುಂ ದುಂ, ಎಂಟಕ್ಕೆ ತಕ್. ಮೃದಂಗದವರು ಕಣ್ಣು ಮುಚ್ಚಿ ಎರಡು ಆವರ್ತ ಕೇಳಿದರು. ಮೂರನೆಯದಕ್ಕೆ ಬಾಯಲ್ಲಿ ಸೊಲ್ಲು ಹಾಕಿದರು: "ತಕಿಟ ತಕ ತಕ ತಕಿಟ." ಮೂರು, ಎರಡು, ಎರಡು, ಮೂರು. ಕರಾರುವಾಕ್ಕಾಗಿ ಕೂತಿತು. ಔದ್ ವಾದಕರು ಮೇಜು ಬಡಿಯುವುದನ್ನು ನಿಲ್ಲಿಸಿ "ಇನ್ನೊಮ್ಮೆ ಹೇಳಿ" ಎಂದರು. ಮೃದಂಗದವರು ಅದನ್ನೇ ದುಗುಣದಲ್ಲಿ ಹೇಳಿದರು, ಆಮೇಲೆ ಮೂರು ಸಲ ತಿರುಗಿ ಸಮಕ್ಕೆ ಬೀಳುವ ಮುಕ್ತಾಯ ಕಟ್ಟಿದರು. ಹೀಗೆ ಬಾಯಲ್ಲೇ ಸೊಲ್ಲು ನುಡಿಯುವ ಕೊನ್ನಕ್ಕೋಲು ಎನ್ನುವುದನ್ನು ಔದ್ ವಾದಕರು ಅಲ್ಲಿಯವರೆಗೆ ಕೇಳಿರಲೇ ಇಲ್ಲ.

ಆ ತಾಳದ ಮೇಲೆ ಔದ್ ಬಯಾತಿ ನುಡಿಸಿತು. ಪಿಯಾನೋ ಇಲ್ಲದ್ದರಿಂದ ಬೆರಳು ತನ್ನ ಹಳೆಯ ಜಾಗಕ್ಕೆ ತಾನಾಗಿಯೇ ಹೋಯಿತು. ಗಾಯಕಿ ಷಡ್ಜ ಹಿಡಿದು ಕೂತರು, ಆಮೇಲೆ ರಿಷಭವನ್ನು ಪೂರ್ತಿ ಬಿಟ್ಟು ಗಾಂಧಾರದಿಂದ ಮೇಲಕ್ಕೆ ಹಾಡಿದರು. ಗಾಂಧಾರ ಮೊದಲಿನಂತೆ ತೂಗಿತು. ಅವರು ರಿಷಭಕ್ಕೆ ಇಳಿಯಲೇ ಇಲ್ಲ. ಆ ಜಾಗವನ್ನು ಔದಿಗೆ ಬಿಟ್ಟರು.

ಸುಮ್ಮನೆ ಕೈಯಲ್ಲಿ ತಾಳ ಹಾಕುತ್ತಿದ್ದ ಪಿಯಾನೋ ವಾದಕರು ಆಮೇಲೆ ಹೇಳಿದ್ದು ಇದು: "ನೀವು ಒಂದು ಸ್ವರ ಬಿಟ್ಟಿರಿ. ನಾನು ಎಷ್ಟು ಬಿಡಬೇಕು ಎಂದು ಲೆಕ್ಕ ಹಾಕುತ್ತಿದ್ದೆ."

ಮುಂದಿನ ತಾಲೀಮಿಗೆ ಅವರು ಲೆಕ್ಕ ಮುಗಿಸಿಕೊಂಡೇ ಬಂದರು. ತಾವು ಮುಟ್ಟುವುದು ಷಡ್ಜ, ಮಧ್ಯಮ, ಪಂಚಮ, ಅಪರೂಪಕ್ಕೆ ನಿಷಾದ. ಇದರಲ್ಲಿ ತರ್ಕ ಇದೆ. ಪಿಯಾನೋದ ಪಂಚಮ 700 ಸೆಂಟ್, ತಂಬೂರಿಯಲ್ಲಿ ಕೇಳುವ ಸಹಜ ಪಂಚಮ 702. ಮಧ್ಯಮ 500, ಸಹಜವಾದದ್ದು 498. ಎರಡು ಸೆಂಟಿನ ವ್ಯತ್ಯಾಸ ಯಾರ ಕಿವಿಗೂ ನಾಟುವುದಿಲ್ಲ. ಪಿಯಾನೋ ಇಡೀ ಪ್ರಪಂಚದ ಜೊತೆ ಜಗಳವಿಲ್ಲದೆ ಕೂರಬಹುದಾದ ಸ್ವರಗಳು ಇವೇ. ರಿಷಭ, ಗಾಂಧಾರಗಳನ್ನು ಅವರು ಪೂರ್ತಿ ಬಿಟ್ಟುಕೊಟ್ಟರು. ಮಧ್ಯಮ, ನಿಷಾದ ಎರಡನ್ನೂ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ ಮಾತ್ರ ಇಟ್ಟುಕೊಂಡರು. ಕೆಲವು ಕಡೆ ಪಿಯಾನೋದ ಒಳಗೆ ಕೈ ಹಾಕಿ ತಂತಿಯನ್ನು ಒತ್ತಿ ಹಿಡಿದು ಮನೆ ಬಾರಿಸಿದರು. ಆಗ ಅದು ಮೃದಂಗದ ಎಡಮುಖದ ನಾದಕ್ಕೆ ಜೊತೆಯಾಗುವಂಥ ಮೊಂಡು ನಾದ ಕೊಟ್ಟಿತು.

ಬಿಟ್ಟುಕೊಟ್ಟವರಿಗೆ ಪ್ರತಿಯಾಗಿ ಏನು ಸಿಗಬೇಕು? ಇದನ್ನು ಎತ್ತಿದವರು ಮೃದಂಗದವರು. ಹತ್ತು ಬೆರಳಿನ ವಾದ್ಯದವರು ನಾಲ್ಕು ಸ್ವರಕ್ಕೆ ಕೂತಿದ್ದಾರೆ, ಅವರದ್ದೂ ಒಂದು ಜಾಗ ಬೇಡವೇ ಎಂದರು. ಹಾಗಾಗಿ ನಡುವೆ ಪಿಯಾನೋಗೆ ಒಂದು ಭಾಗ ಬಂತು. ಅಲ್ಲಿ ಅವರು ತಮ್ಮ ಜಾಝ್ ಹಾರ್ಮನಿಯನ್ನು (ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಜೋಡಣೆಯನ್ನು) ಬೇಕಾದ ಕಡೆ ಒಯ್ಯಬಹುದು. ಗಾಯಕಿ ಬರೀ ಷಡ್ಜ ಹಿಡಿದಿರುತ್ತಾರೆ, ಔದ್ ಸುಮ್ಮನಿರುತ್ತದೆ. ಪಿಯಾನೋ ಅಡಿಯಲ್ಲಿ ಹಾರ್ಮನಿ ಬದಲಾಯಿಸಿದಂತೆ ಅದೇ ಷಡ್ಜ ಬೇರೆ ಬೇರೆ ಬಣ್ಣದಲ್ಲಿ ಕೇಳಿಸುತ್ತಿತ್ತು. ಗಾಯಕಿಗೆ ಅದು ಬಹಳ ಹಿಡಿಸಿತು.

ಕೂರುವ ವಿಚಾರವನ್ನೂ ಹೇಳಬೇಕು. ಗಾಯಕಿ, ಮೃದಂಗದವರು ಕೆಳಗೆ ಚಕ್ಕಳಮಕ್ಕಳ ಕೂರುತ್ತಾರೆ. ಪಿಯಾನೋದವರು ಸ್ಟೂಲಿನ ಮೇಲೆ. ಗಾಯಕಿ ತೊಡೆಯ ಮೇಲೆ ಹಾಕುವ ತಾಳ ಪಿಯಾನೋ ವಾದಕರಿಗೆ ಕಾಣುತ್ತಲೇ ಇರಲಿಲ್ಲ. ಮೊಣಕಾಲೆತ್ತರದ ಒಂದು ಜಗಲಿ ಹಾಕಿಸಿ ಇವರಿಬ್ಬರನ್ನು ಅದರ ಮೇಲೆ ಕೂರಿಸಿ, ಪಿಯಾನೋವನ್ನು ನಡುವಿನಿಂದ ಪಕ್ಕಕ್ಕೆ ಸರಿಸಿದೆವು. ಎಡುಪು, ಅಂದರೆ ಆವರ್ತದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ತಪ್ಪುವುದು ಅಲ್ಲಿಗೆ ಅರ್ಧಕ್ಕರ್ಧ ನಿಂತಿತು.

ಏನಾಯಿತು

ಕಛೇರಿಯಲ್ಲಿ ಸಮಾಯಿಯ ಭಾಗ ಗೆದ್ದಿತು. ಬಯಾತಿ ಬಯಾತಿಯಾಗಿ, ತೋಡಿ ತೋಡಿಯಾಗಿ, ಒಂದೇ ಷಡ್ಜದ ಮೇಲೆ ಪಕ್ಕಪಕ್ಕ ನಡೆದವು. ಔದ್ ರಿಷಭ ಮುಟ್ಟಿದಾಗ ಗಾಯಕಿ ಮೌನ. ಗಾಯಕಿ ಗಾಂಧಾರ ತೂಗಿದಾಗ ಔದ್ ಮೌನ. ಕೇಳುವವರಿಗೆ ಎರಡರ ವ್ಯತ್ಯಾಸವೂ ಸ್ಪಷ್ಟವಾಗಿ ಕೇಳಿಸಿತು. ಈ ಸಲ ಯಾರೂ 'ಎಲ್ಲ ಒಂದೇ ಥರ' ಎನ್ನಲಿಲ್ಲ.

ಕೊನೆಯ ದ್ರುತದ ತುಣುಕು ಸೋತಿತು. ಔದಿನ ನಾದ ಮೆಲು, ಮೀಟಿದ ಮೇಲೆ ಬೇಗ ಅಡಗುತ್ತದೆ. ಮೃದಂಗ ಅದನ್ನು ನುಂಗಿಹಾಕಿತು. ಮೈಕಿನಲ್ಲಿ ಔದನ್ನು ಏರಿಸಿದರೆ ಮೃದಂಗದ ಸದ್ದೂ ಅದೇ ಮೈಕಿಗೆ ನುಗ್ಗುತ್ತಿತ್ತು. ಧ್ವನಿಮುದ್ರಣದಲ್ಲಿ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಇದನ್ನು ಸರಿಪಡಿಸಿದೆವು. ವೇದಿಕೆಯಲ್ಲಿ ಆ ತುಣುಕು ಬೇಕಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಕಛೇರಿ ಜೋರಾಗಿಯೇ ಮುಗಿಯಬೇಕು ಎಂಬ ಹಟ ಎಲ್ಲಿಂದ ಬರುತ್ತದೋ!

ನಿಜವಾದ ಬಿಕ್ಕಟ್ಟು ಎದ್ದದ್ದು ಕಛೇರಿಯ ನಂತರ, ಹೆಸರಿನ ವಿಚಾರದಲ್ಲಿ. ಧ್ವನಿಮುದ್ರಣದ ಕರಡು ಪಟ್ಟಿಯಲ್ಲಿ 'ರಚನೆ' ಎಂಬಲ್ಲಿ ಪಿಯಾನೋ ವಾದಕರ ಹೆಸರೊಂದೇ ಇತ್ತು. ಅವರು ಬೇಕೆಂದು ಹಾಕಿಸಿದ್ದಲ್ಲ. ಸ್ವರಲಿಪಿ ಬರೆದವರು ಅವರು. ಸಂಸ್ಥೆಯವರ ಕೈಯಲ್ಲಿದ್ದ ಕಾಗದ ಅದೊಂದೇ. ಕಾಗದದ ಮೇಲೆ ಯಾರ ಹೆಸರಿದೆಯೋ ಅವರೇ ರಚನಕಾರರು ಎಂದುಕೊಂಡರು. ಔದ್ ವಾದಕರು ಗುರುಗಳಿಂದ ಕಲಿತ ಸಾಂಪ್ರದಾಯಿಕ ಧಾಟಿ, ಗಾಯಕಿ ಅಲ್ಲೇ ಹುಟ್ಟಿಸಿದ ಆಲಾಪನೆ, ಮೃದಂಗದವರು ಕಟ್ಟಿದ ಮುಕ್ತಾಯ ಇವಕ್ಕೆಲ್ಲ ಕಾಗದವೇ ಇರಲಿಲ್ಲ.

ಇದು ಹಗುರ ವಿಷಯ ಅಲ್ಲ. ದಕ್ಷಿಣ ಆಫ್ರಿಕಾದ ಸೊಲೊಮನ್ ಲಿಂಡಾ 1939ರಲ್ಲಿ ಮುದ್ರಿಸಿದ ಒಂದು ಹಾಡು ಮುಂದೆ ಬೇರೆಯವರ ಹೆಸರಿನಲ್ಲಿ ಪ್ರಪಂಚ ಸುತ್ತಿತು, ಅಪಾರ ಹಣ ತಂದಿತು. ಲಿಂಡಾ 1962ರಲ್ಲಿ ಬಡವರಾಗಿಯೇ ತೀರಿಕೊಂಡರು. ಅವರ ಮಕ್ಕಳಿಗೆ ನ್ಯಾಯದ ರಾಜಿ ಸಿಕ್ಕಿದ್ದು 2006ರಲ್ಲಿ. ಸಂಸ್ಕೃತಿಗಳು ಬೆರೆತವು ಎಂದು ನಾವು ಖುಷಿಪಡುವ ಎಷ್ಟೋ ಕಡೆ ಒಬ್ಬರ ಹೆಸರು ಅಳಿಸಿಹೋಗಿರುತ್ತದೆ.

ನಾಲ್ವರೂ ಕೂತು ಒಂದು ಪುಟದ ಒಪ್ಪಂದ ಬರೆದರು. ಕೂಡಿ ಕಟ್ಟಿದ್ದಕ್ಕೆ ನಾಲ್ವರಿಗೂ ಸಮಪಾಲು. ಸಾಂಪ್ರದಾಯಿಕ ಧಾಟಿ ಇರುವ ಕಡೆ 'ಸಾಂಪ್ರದಾಯಿಕ' ಎಂದೇ ಹಾಕಿ, ಕಲಿಸಿದ ಗುರುಗಳ ಹೆಸರು ಸೇರಿಸಬೇಕು. ಸ್ಥಳದಲ್ಲೇ ಹುಟ್ಟಿದ ಆಲಾಪನೆ ಮುದ್ರಣವಾದ ಮೇಲೆ ರಚನೆಯೇ ಎಂದು ಎಣಿಸಬೇಕು. ಪಿಯಾನೋ ವಾದಕರೇ ಮೊದಲು ಸಹಿ ಹಾಕಿದರು. ಈ ಪುಟ ತಾಲೀಮು ಶುರುವಾಗುವ ಮೊದಲೇ ಇರಬೇಕಾದದ್ದು. ಸ್ನೇಹ ಚೆನ್ನಾಗಿದ್ದದ್ದರಿಂದ ತಡವಾದರೂ ಆಯಿತು. ಮನಸ್ತಾಪ ಬಂದಿದ್ದರೆ ಆಗುತ್ತಲೇ ಇರಲಿಲ್ಲ. ಈಗ ಇಂಥ ತಂಡದವರು ಸಲಹೆ ಕೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಎರಡೇ: ನಿಮ್ಮಲ್ಲಿ ಬಗ್ಗದ ವಾದ್ಯ ಯಾವುದು, ಬರೆದಿಡುವವರು ಯಾರು? ಎರಡಕ್ಕೂ ಉತ್ತರ ಒಬ್ಬರೇ ಆಗಿದ್ದರೆ ಜಾಸ್ತಿ ಎಚ್ಚರ ಬೇಕು.

ತಂಡ ಈಗ ಹಾಗೇ ಉಳಿದಿಲ್ಲ. ಔದ್, ಪಿಯಾನೋ ಇಬ್ಬರೂ ಜೋಡಿಯಾಗಿ ನುಡಿಸುತ್ತಾರೆ. ಗಾಯಕಿ ಕಛೇರಿಗಳ ಓಡಾಟದಲ್ಲಿದ್ದಾರೆ, ಕರೆದರೆ ಬರುತ್ತೇನೆ ಎಂದಿದ್ದಾರೆ. ಮುದ್ರಿಸಿದ ನಾಲ್ಕು ತುಣುಕುಗಳಲ್ಲಿ ಮೂರು ಹೊರಬಂದಿವೆ. ನಾಲ್ಕನೆಯದು ಮೃದಂಗದವರ ಹತ್ತಕ್ಷರದ ಮುಕ್ತಾಯದ ಮೇಲೇ ನಿಂತದ್ದು. ಅದಕ್ಕೆ ತಮ್ಮ ಹೆಸರು ನಾಲ್ವರಲ್ಲಿ ಒಂದಾಗಿ ಬಂದರೆ ಸಾಲದು, ಮೊದಲ ರಚನಕಾರನಾಗಿ ಬರಬೇಕು ಎಂದು ಅವರು ಕೇಳುತ್ತಿದ್ದಾರೆ. ಲಯವನ್ನು ರಚನೆ ಎಂದು ಒಪ್ಪಲು ಸಂಸ್ಥೆಯ ನಮೂನೆಯಲ್ಲಿ ಜಾಗವಿಲ್ಲ, ಅಲ್ಲಿ ಕೇಳುವುದು ಧಾಟಿ ಯಾರದು, ಸಾಹಿತ್ಯ ಯಾರದು ಎಂದು ಮಾತ್ರ. ನನ್ನ ಪ್ರಕಾರ ಅವರು ಕೇಳುತ್ತಿರುವುದು ಸರಿ. ಬದಲಾಗಬೇಕಾದದ್ದು ನಮೂನೆ. ಆ ಪತ್ರವ್ಯವಹಾರ ಇನ್ನೂ ನಡೆಯುತ್ತಿದೆ.